ಬನಹಟ್ಟಿ ಶೆಡ್ಡಿನ ನೀರು

ನಮ್ಮ ಮಾಲಕರು ನನ್ನ ಬನಹಟ್ಟಿಗೆ ಯಾಕ ಕಳಿಸಿದ್ರು ಅನ್ನೂದು ನನಗ ಇವತ್ತಿಗೂ ಪೂರಾ ತಿಳಿದಿಲ್ಲ. ಬಸ್ ಹತ್ತೂಮುಂದ ತಿಳಿದೈತಿ ಅಂದ್ಕೊಂಡಿದ್ದೆ. ಬನಹಟ್ಟಿದಾಗ ಇಳಿಯೂಮುಂದ ಅರ್ಧ ತಿಳಿದಂಗಿತ್ತು. ಸಂಜೀಕ ಹೊಳ್ಳಿ ಜಮಖಂಡಿಗೆ ಬರೂದ್ರಾಗ ಏನೇನೂ ತಿಳೀದಂಗ ಆಗಿ, ತಲಿ ಅನ್ನೂದು ಹಿಟ್ಟಿನ ಗಿರಣಿ ಆಗಿಬಿಟ್ಟಿತ್ತು. ಇಷ್ಟು ವರ್ಷ ಆದ ಮ್ಯಾಲೂ ಆ ದಿನಾ ನೆನಸಿದ್ರ ನನಗ ಮೊದಲ ಬರೂದು ಸಿಟ್ಟು. ಯಾರ ಮ್ಯಾಲ ಅಂತ ಮಾತ್ರ ಕೇಳಬ್ಯಾಡ್ರಿ.

ಅದು ನಮ್ಮ ಸಂಸ್ಥಾನಗಳೆಲ್ಲಾ ಮುಂಬೈ ರಾಜ್ಯದಾಗ ಕೂಡಿದ ಹೊಸತಿನ ಕಾಲ. ಅರಮನಿಗಳ ಮೋಟಾರು ಒಂದೊಂದಾಗಿ ಮಾರಾಟಕ್ಕ ಬಂದವು. ಇಂಜಿನ್ನು ವಿಲಾಯತಿದು, ಇನ್ನೂ ಒಂದು ಆಯುಷ್ಯಾ ನಡಿಯೂವಂಥಾದ್ದು. ಮ್ಯಾಲಿನ ಮೈ ಮಾತ್ರ ಹಣ್ಣಾಗಿರತಿತ್ತು. ಹತ್ತಿ ವ್ಯಾಪಾರಸ್ಥರು, ಸೀರಿ ಸಾವಕಾರರು ಅಂಥಾ ಗಾಡಿ ಕೊಂಡು, ಇಂಜಿನ್ನು ಚಾಸಿ ಹಂಗ ಇಟ್ಟು, ಮ್ಯಾಲ ಹೊಸಾ ಮೈ ಕಟ್ಟಿಸೂದು ಶುರು ಮಾಡಿದ್ರು. ರಾಜರು ಕುಂತಂಗ ತಾವೂ ಕುಂಡ್ರಬೇಕು ಅನ್ನೂದು ಅವರ ಆಶಾ. ಇಂಥಾ ದೊಡ್ಡಮಂದಿ ಮೋಟಾರು ಕಟ್ಟೂ ಕಾರ್ಖಾನಿ ನಮ್ಮ ಸೀಮ್ಯಾಗ ಎರಡ ಇದ್ದವು. ಜಮಖಂಡಿದಾಗ ನಮ್ಮದು, ಬನಹಟ್ಟಿದಾಗ ಅವರದು. ಕಾರ್ಖಾನಿ ಅಂದ್ರ ಏನಲ್ಲ, ಒಂದು ಉದ್ದನ್ನ ತಗಡಿನ ಶೆಡ್ಡು. ಆದ್ರ ಅದರೊಳಗಿಂದ ಹೊರಗ ಬಂದ ಗಾಡಿ ನಿಂತಿತ್ತಂದ್ರ ಲೋಕಾಪುರದ ತಿರುವಿನ್ಯಾಗ ಲಾರಿ ಡ್ರೈವರುಗಳೂ ಇಳದು ಮುಟ್ಟಿ ನೋಡಿ ಹೋಗತಿದ್ರು.

ನಾನು ಪುಣೇದಾಗ ಡಿಪ್ಲೋಮಾ ಮುಗಿಸಿ ಬಂದು ನಮ್ಮ ಶೆಡ್ಡು ಸೇರಿದ್ದೆ. ನಮ್ಮ ಮನಿತನಾ ಬೀರಪ್ಪನ ಒಕ್ಕಲು. ಕುರಿ ಕಾದು, ಹೊಲಾ ಮಾಡಿ ಬಂದವರು. ಆ ಮನಿತನದಾಗ ಮೊದಲನೇ ಇಂಜಿನೇರ ನಾನು. ಅದರ ಸೊಕ್ಕು ಒಂದೀಟು ಇತ್ತು, ಇಲ್ಲಂತ ಯಾಕ ಅನ್ನಲಿ. ನಮ್ಮವ್ವ ಮಾತ್ರ ಸೊಕ್ಕು ಏರಾಕ ಬಿಡತಿದ್ದಿಲ್ಲ. ಮಗಾ ಪುಣೇಕ ಹೋಗಿ ಕಲತು ಬಂದು ದಿನಾ ಬಾಗಲಾ ತಗದು ಹಾಕಿ ತಗದು ಹಾಕಿ ಮಾಡತಾನ, ಇದನ್ನ ನಾನ ಮನ್ಯಾಗ ಕಲಸತಿದ್ದೆ ಅಂತ ಓಣಿ ಮಂದಿ ಮುಂದ ಹೇಳಿ ನಗತಿದ್ಲು.

ಬಾಗಲಾದ ಕತಿ ಹಿಂಗ. ಮುಧೋಳ ಕಡೆಯ ಒಬ್ಬ ಹತ್ತಿ ಸಾವಕಾರ ಒಂದು ಭಾರೀ ಗಾಡಿ ಕೊಂಡಿದ್ದ. ಅದಕ್ಕ ಮೈ ಕಟ್ಟೂ ಕೆಲಸಾ ಯಾರಿಗೆ ಕೊಡಬೇಕು ಅಂತ ಎರಡೂ ಶೆಡ್ಡು ತಿರುಗ್ಯಾಡಿದಾ. ಅವನ ಪರೀಕ್ಷಾ ಒಂದ: ಕಟ್ಟಿ ಮುಗಿಸಿದ ಗಾಡಿ ಬಾಗಲಾ ಹಾಕಿ, ಕಣ್ಣು ಮುಚ್ಚಿ ಕೇಳೂದು. ನಮ್ಮ ಬಾಗಲಾ ಢಣ್ ಅಂತಿತ್ತು. ಬನಹಟ್ಟಿಯವರ ಬಾಗಲಾ ಸಪ್ಪಳಾನ ಮಾಡೂದಿಲ್ಲ ಅಂತ ಅವಾ ನಮ್ಮ ಮಾಲಕರ ಮುಂದ ಹೇಳಿ, ಕಾರಹುಣ್ಣಿಮಿ ಒಳಗ ತೀರ್ಮಾನ ಮಾಡತೀನಿ ಅಂತ ಹೋದಾ. ಆ ವರ್ಷ ನಮ್ಮ ಕೈಯಾಗ ಬ್ಯಾರೆ ಒಂದೂ ಗಾಡಿ ಇದ್ದಿಲ್ಲ. ಈ ಕೆಲಸಾ ಸಿಗಲಿಲ್ಲಂದ್ರ ಜಮಖಂಡಿ ಶೆಡ್ಡು ಮುಚ್ಚೂದು ಖರೆ, ನಾನು ಹಾಸಿಗಿ ಸುತಿಗೊಂಡು ಮುಂಬೈ ದಾರಿ ಹಿಡಿಯೂದೂ ಖರೆ. ನನಗ ಜಮಖಂಡಿ ಬಿಡೂ ಮನಸ್ಸು ಕಿಂಚಿತ್ತೂ ಇದ್ದಿಲ್ಲ. ಪುಣೇದಾಗ ಇದ್ದಷ್ಟು ದಿನಾ ರೊಟ್ಟಿ ಕನಸು ಕಂಡವಾ ನಾ.

ನಮ್ಮ ಮಾಲಕರು ಅರಮನಿ ಮೋಟಾರು ಶೆಡ್ಡಿನ್ಯಾಗ ತಗಡು ಬಡದು ಬಡದು ವಯಸ್ಸಾದವರು. ಎಡಗಿವಿ ಮುಕ್ಕಾಲು ಹೋಗಿತ್ತು. ಹಂಗಂತ ಕೆಟ್ಟ ಸಪ್ಪಳಾ ಆದ್ರ ಮಾತ್ರ ಆ ಕಿವಿಗೇ ಮೊದಲ ಬಡೀತಿತ್ತು. ಯಾರರೆ ನಟ್ಟು ತಿರುವೂ ಪಾನಾ ಕೆಳಗ ಕೆಡವಿದ್ರ ಮಾರಿ ಕಿವಿಚಿ ಕುಂಡ್ರತಿದ್ರು. ಶೆಡ್ಡಿನ ನಟ್ಟನಡುವ ಒಂದು ಸಾಗವಾನಿ ಮೇಜು ಇತ್ತು, ಅರಮನಿ ಕಾಲದ್ದು, ಎರಡು ಎತ್ತು ಮಲಗುವಷ್ಟು ಉದ್ದ. ಮಾಲಕರು ಅದರ ಒಂದ ಮಗ್ಗಲಕ್ಕ ನಿಂತು ಕೆಲಸಾ ಮಾಡತಿದ್ರು. ಇನ್ನೊಂದು ಮಗ್ಗಲಾ ಖಾಲಿ. ಆ ಕಡೆ ನಾನು ನಿಂತ್ರ, ಇತ್ತಾಗ ಬಾ ಅಂತಿದ್ರು. ಜಾಗಾ ಇಟ್ಟಕೊಂಡು ಇದೇನು ಹಟಾ ಅಂತ ನಾ ಮನಸಿನ್ಯಾಗ ಬೈಕೊಂತಿದ್ದೆ.

ಆ ಖಾಲಿ ಮಗ್ಗಲಾ ಬನಹಟ್ಟಿಯವರದು ಅಂತ ಆಮ್ಯಾಲ ತಿಳೀತು. ಇಬ್ಬರೂ ಅರಮನಿ ಶೆಡ್ಡಿನ್ಯಾಗ ಕೂಡಿ ದುಡದವರು, ಒಂದ ಗಂಗಾಳದಾಗ ಉಂಡವರು. ಅರಮನಿ ಕೆಲಸಾ ನಿಂತ ಮ್ಯಾಲ ಕೂಡೇ ಈ ಶೆಡ್ಡು ಹಾಕಿದ್ರು. ಮುಂದ ಒಂದಿನಾ ಜಗಳಾ ಆತು. ನಾ ಆವಾಗ ಪುಣೇದಾಗ. ಯಾಕ ಆತು ಅಂತ ಕೇಳಿದ್ರ ಒಬ್ಬರು ಬಣ್ಣದ ಸಲುವಾಗಿ ಅಂದ್ರು, ಒಬ್ಬರು ಲಗ್ನದ ಪಂಕ್ತಿಯಾಗ ಜಾಗಾ ಸಿಗಲಿಲ್ಲ ಅದಕ್ಕ ಅಂದ್ರು, ನಮ್ಮವ್ವ ಇಬ್ಬರಿಗೂ ಬ್ಯಾರೆ ಉದ್ಯೋಗಿದ್ದಿಲ್ಲ ಅದಕ್ಕ ಅಂದ್ಲು. ಜಗಳದ ಕಡೀಕ ನಮ್ಮ ಮಾಲಕರು ನಾಕು ಮಂದಿ ಮುಂದ ಅವನ ಮನಿ ನೀರು ಬಿಟ್ಟೀನಿ ಅಂದುಬಿಟ್ರಂತ.

ನಮ್ಮ ಕಡೆ ಮಾತು ಬಿಡೂದು ಬ್ಯಾರೆ, ನೀರು ಬಿಡೂದು ಬ್ಯಾರೆ. ಮಾತು ಬಿಟ್ಟವರು ಹಬ್ಬಕ್ಕ ಹುಣ್ಣಿಮಿಗೆ ಮತ್ತ ಮಾತಾಡತಾರ. ನೀರು ಬಿಟ್ರ ಮುಗೀತು, ಆ ಮನಿ ಹೊಸ್ತಲಾ ತುಳಿಯಂಗಿಲ್ಲ, ಬಂದವರಿಗೆ ಕೊಡೂ ಬೆಲ್ಲಾ ನೀರು ಮುಟ್ಟಂಗಿಲ್ಲ. ಮನಿ ಹಿರ್ಯಾ ಬಿಟ್ರ ಮನಿ ಮಂದಿ ಬಿಟ್ಟಂಗ, ಆಳು ಹೋಳು ಬಿಟ್ಟಂಗ. ಇದಕ್ಕ ಜಾತಿ ಸಂಬಂಧ ಇಲ್ಲ, ಖಾಸಾ ಅಣ್ಣತಮ್ಮರೂ ಬಿಟ್ಟದ್ದು ನಾ ಕಂಡೀನಿ.

ಇಂಥಾ ಮನಿಗೆ ನಮ್ಮ ಮಾಲಕರು ನನ್ನ ಕಳಿಸಾಕ ನಿಂತ್ರು. ಹೋಗು, ಬಾಗಲಾ ನೋಡಿ ಬಾ ಅಂದ್ರು. ಅವರು ತೋರಸತಾರೇನ್ರಿ ಅಂತ ಕೇಳಿದೆ. ನೀ ಕಲತವಾ, ನಿನಗ ತೋರಸೂದೇನು ಬೇಕು, ಕಣ್ಣಿಲ್ಲೇನು ಅಂದ್ರು. ಬಸ್ಸಿನ ಮಟಾ ಬಂದು, ಬಸ್ಸು ಅಲುಗಾಡಿದ ಮ್ಯಾಲ ಕಿಡಕಿ ಹಿಡಕೊಂಡು ಒಂದು ಮಾತು ಹೇಳಿದ್ರು.

"ಅಲ್ಲೆ ನೀರು ಕುಡೀಬ್ಯಾಡ. ಎಷ್ಟ ಕೇಳಿದ್ರೂ ಕುಡೀಬ್ಯಾಡ."

ನಾನು ಹುಟ್ಟಾ ಹಟಮಾರಿ. ಮಾಡಬ್ಯಾಡ ಅಂದದ್ದನ್ನ ಮೊದಲ ಮಾಡವಾ. ಇದು ಓಣಿಗೆಲ್ಲಾ ಗೊತ್ತಿದ್ದದ್ದು, ಮಾಲಕರಿಗೂ ಗೊತ್ತಿದ್ದದ್ದು. ಆದ್ರ ಇದು ನೌಕರಿ ಮಾತು, ನನ್ನ ಹೊಟ್ಟಿ ಮಾತು ಅಂತ ಆವತ್ತು ಬೀರಪ್ಪನ ಆಣಿ ಮಾಡಿಕೊಂಡು ತುಟಿ ಕಚ್ಚಿ ಕುಂತೆ.

ಬ್ಯಾಸಗಿ. ಬಸ್ಸು ಹುನ್ನೂರದಾಗ ಕೆಟ್ಟು ನಿಂತು, ಅಲ್ಲೇ ಬೇವಿನ ಗಿಡದ ಕೆಳಗ ತಾಸಗಟ್ಟಲೆ ಕುಂತು, ಬನಹಟ್ಟಿ ಮುಟ್ಟೂದ್ರಾಗ ಬಿಸಲು ನೆತ್ತಿಗೇರಿತ್ತು. ಹಾದ್ಯಾಗ ನೀರು ಕುಡಕೊಂಡು ಹೋಗಬೇಕಿತ್ತು, ಆ ಬುದ್ಧಿನೂ ಬರಲಿಲ್ಲ. ಅಲ್ಲೆ ನೀರು ಕುಡೀಬ್ಯಾಡ ಅನ್ನೂದು ತಲ್ಯಾಗ ಎಷ್ಟು ಕುಂತಿತ್ತಂದ್ರ ಎಲ್ಲೂ ಕುಡೀಬಾರದು ಅನ್ನೂವಂಗ ಆಗಿತ್ತು. ಪುಣೇದಾಗ ಕಲತ ತಲಿ ನೋಡ್ರಿ ಇದು.

ಓಣಿ ತುಂಬಾ ಮಗ್ಗದ ಸಪ್ಪಳಾ. ಎಡಕ್ಕ ಕಟಾಪಟಾ, ಬಲಕ್ಕ ಕಟಾಪಟಾ, ರಬಕವಿ ಕಡೆಯಿಂದ ಸೀರಿ ಗಂಟು ಹೊತ್ತ ಸೈಕಲ್ಲು ಎದರಾಗ. ಈ ಗದ್ದಲದಾಗ ಸಪ್ಪಳಿಲ್ಲದ ಬಾಗಲಾ ಹೆಂಗ ಮಾಡತಾರ, ಕೇಳಸರೆ ಹೆಂಗ ಕೇಳಸತೈತಿ ಅಂತ ನನಗ ಅಲ್ಲೇ ಸಂಶೇ ಶುರುವಾತು. ನಾ ಒಂದು ಸುಳ್ಳು ತಯಾರು ಮಾಡಕೊಂಡು ಹೋಗಿದ್ದೆ. ಬಿಜಾಪುರದ ಸಾವಕಾರರೊಬ್ಬರು ಗಾಡಿ ಕಟ್ಟಿಸಬೇಕಂತಾರ, ಅವರ ಕಡೆಯಿಂದ ನೋಡಾಕ ಬಂದೀನಿ ಅಂತ. ಶೆಡ್ಡಿನ ಬಾಗಲದಾಗ ಒಬ್ಬ ಎತ್ತರದ, ಸಣಕಲಾ ಮನಿಶ್ಯಾ ಕೈ ತೊಳಕೊಳ್ಳಾಕತ್ತಿದ್ರು. ನನ್ನ ಮಾರಿ ನೋಡಿದ್ರು, ಧೋತರಕ್ಕ ಕೈ ಒರಸಿಕೊಂಡ್ರು.

"ಬರ್ರಿ ಜಮಖಂಡಿ ಇಂಜಿನೇರರ. ಯಾವಾಗ ಬರತೀರೋ ಅಂತಿದ್ದೆ."

ನನ್ನ ಸುಳ್ಳು ಗಂಟಲದಾಗ ಒಣಗಿತು. ಇವರಿಗೆ ನಾ ಬರೂದು ಹೆಂಗ ಗೊತ್ತು, ನಾ ಇಂಜಿನೇರ ಅಂತ ಯಾರು ಹೇಳಿದ್ರು, ಕೇಳಬೇಕಂದ್ರ ಸುಳ್ಳು ಹೇಳಾಕ ಬಂದವಾ ಯಾವ ಬಾಯಿಲೆ ಕೇಳಲಿ. ಅಷ್ಟ್ರಾಗ ಅವರು ಒಳಗ ಹೋಗಿ ಒಂದು ವಾಟ್ಯಾಗ ಬೆಲ್ಲಾ, ತಾಮ್ರದ ತಂಬಿಗ್ಯಾಗ ನೀರು ತಂದ್ರು. ತಾವ ತಂದ್ರು. ಮನ್ಯಾಗ ಹೆಣ್ಮಕ್ಕಳಿದ್ರು, ಕೆಲಸದ ಮಂದಿ ಇದ್ರು. ತಂಬಿಗಿ ಹೊರಗ ಸಣ್ಣ ಸಣ್ಣ ನೀರಿನ ಹನಿ ಮೂಡಿದ್ದವು. ನಾ ಅದನ್ನ ಹೆಂಗ ನೋಡಿದೆ ಅನ್ನೂದು ನನಗ ಗೊತ್ತು, ನನ್ನ ಬೀರಪ್ಪಗ ಗೊತ್ತು.

ಇವತ್ತು ಉಪಾಸ ಐತ್ರಿ ಅಂದೆ. ಉಪಾಸಕ್ಕ ನೀರು ನಡೀತೈತಲ್ರಿ ಅಂದ್ರು. ಇದು ನೀರಿಲ್ಲದ ಉಪಾಸರಿ ಅಂದೆ. ಯಾವ ದೇವರದು ಅಂದ್ರು. ಬಾಯಿಗೆ ಬಂದದ್ದು ಬೀರಪ್ಪ. ಬೀರಪ್ಪ ಕುರಿ ಹಿಂದ ತಿರುಗ್ಯಾಡೂ ದೇವರು, ಅಂವಾ ಯಾವತ್ತು ನೀರು ಬಿಡಸ್ಯಾನ ಅಂತ ಅವರ ಮಾರಿ ಮ್ಯಾಲ ಬರದಂಗ ಇತ್ತು, ಆದ್ರ ಅನ್ನಲಿಲ್ಲ. ಆತು ಬಿಡ್ರಿ, ಮೊದಲ ಕೆಲಸಾ ನೋಡ್ರಿ ಅಂತ ಬೆಲ್ಲಾ, ತಂಬಿಗಿ ಎರಡೂ ಅಲ್ಲೇ ಕಟ್ಟಿ ಮ್ಯಾಲ ಇಟ್ರು. ನನ್ನ ಕಣ್ಣಿಗೆ ಕಾಣೂವಂಗ ಇಟ್ರು ಅಂತ ನನಗ ಆವಾಗ ಅನಿಸ್ತು.

ಆಮ್ಯಾಲ ಸುರು ಆತು ನೋಡ್ರಿ ನನ್ನ ಖರೆ ಫಜೀತಿ. ಅವರು ಎಲ್ಲಾ ತೋರಿಸಿದ್ರು. ಒಂದೂ ಮುಚ್ಚಿಡಲಿಲ್ಲ. ಕಟ್ಟಿಗಿ ಚೌಕಟ್ಟು ಹೆಂಗ ಕೂಡಸತಾರ, ತಗಡು ಹೆಂಗ ಬಾಗಸತಾರ, ಬಣ್ಣಾ ಏಟು ದಿನಾ ಒಣಗಸತಾರ, ಎಲ್ಲಾ. ಎದುರಾಳಿ ಕಡೆಯಾಂವ ಅಂತ ಗೊತ್ತಿದ್ದೂ ಇಂವಾ ಯಾಕ ಹಿಂಗ ಬಿಚ್ಚಿ ಇಡಾಕತ್ತಾನ ಅಂತ ನನ್ನ ಸಂಶೇ ಹೆಚ್ಚಾತು. ಪುಣೇದಾಗ ನಮ್ಮ ಮಾಸ್ತರರೊಬ್ಬರು ಕಾರ್ಖಾನಿ ನೋಡಾಕ ಹೋದ್ರ ತೋರಿಸಿದ್ದು ನೋಡಬ್ಯಾಡ್ರಿ, ತೋರಸಲಾರದ್ದು ನೋಡ್ರಿ ಅಂತಿದ್ರು. ನಾ ಅದನ್ನ ಹಿಡಕೊಂಡು, ಅವರು ಬಲಕ್ಕ ಕೈ ಮಾಡಿದ್ರ ಎಡಕ್ಕ ನೋಡತಿದ್ದೆ, ಎಡಕ್ಕ ಮಾಡಿದ್ರ ಬಲಕ್ಕ. ಗ್ವಾಡಿ ಬಿಟ್ರ ಮತ್ತೇನೂ ಕಾಣಲಿಲ್ಲ.

ಕಡೀಕ ಬಾಗಲಾಕ್ಕ ಬಂದ್ವಿ. ಕರೀ ಬಣ್ಣದ ಉದ್ದನ್ನ ಗಾಡಿ ನಿಂತಿತ್ತು. ಅವರು ಬಾಗಲಾ ತಗದು, ಎರಡ ಬೆರಳಿಲೆ ನೂಕಿದ್ರು. ಮುಚ್ಚಿತು. ಮುಚ್ಚಿದ್ದು ಕಣ್ಣಿಗೆ ಕಂಡಿತು, ಕಿವಿಗೆ ಬೀಳಲಿಲ್ಲ. ನಾನೂ ನೂಕಿ ನೋಡಿದೆ, ಜೋರಲೆ ನೂಕಿ ನೋಡಿದೆ, ಸಿಟ್ಟಲೆ ಬಡದೂ ನೋಡಿದೆ. ಯಾರೋ ಮೆತ್ತಗ ಕೈ ಹಿಡದು ಕುಂಡರಿಸಿದಂಗ ಕುಂಡ್ರತಿತ್ತು. ಸಾವಕಾರ ಇದನ್ನ ಕೇಳಿ ಹೋಗ್ಯಾನಂದ ಮ್ಯಾಲ ನಮ್ಮ ಶೆಡ್ಡು ಮುಚ್ಚಿದಂಗ ಅಂತ ಅಲ್ಲೇ ಖಾತ್ರಿ ಆತು.

ಬಾಗಲಾದ ಅಂಚಿಗೆ ಬೆರಳಗಾತ್ರ ಒಂದು ನೂಲಿನ ಕೊಳವಿ ಹೊಲದಿದ್ರು. ನಾವು ಅಲ್ಲೆ ರಬ್ಬರ್ ಹಾಕತಿದ್ವಿ. ಅದು ನಮ್ಮ ಬಿಸಲಿಗೆ ಕಲ್ಲಾಗಿ ಢಣ್ ಅಂತಿತ್ತು. ಇದು ಬಾಜೂ ಮನಿ ಮಗ್ಗದ ಮ್ಯಾಲ ನೇಯಿಸಿದ್ದು ಅಂದ್ರು. ಒಳಗೇನು ತುಂಬೀರಿ ಅಂದೆ. ಕಂಬಳಿ ನೇಯೂ ಕುರಿ ಉಣ್ಣಿ, ನಿಮ್ಮ ಮಂದಿನ ಕತ್ತರಸಿ ಕೊಟ್ಟದ್ದು ಅಂತ ನಕ್ರು. ನನಗ ಎಲ್ಲಿಲ್ಲದ ಸಿಟ್ಟು ಬಂತು. ಇಂವಾ ನನ್ನ ಕುಲಾ ಹಿಡದು ಚ್ಯಾಷ್ಟಿ ಮಾಡಾಕತ್ತಾನ, ಖರೆ ಸಾಮಾನು ಬ್ಯಾರೇನೋ ಐತಿ, ಕುರಿ ಕಾಯಾಂವಗ ಕುರಿ ಹೇಳಿ ಕಳಸೂ ವಿಚಾರ ಅಂತ ತಿಳಕೊಂಡೆ. ವಿಲಾಯತಿ ಗಾಡಿಗೆ ಕುರಿ ಉಣ್ಣಿಯಂತ. ನಾ ಮಾರಿ ಗಂಟು ಹಾಕಿಕೊಂಡು, ಅದನ್ನ ಬಿಟ್ಟು ಬಾಗಲಾದ ಬಿಜಾಗರಿ ನೋಡಾಕ ಹತ್ತಿದೆ.

ಮಧ್ಯಾಹ್ನ ಅವರ ಮನಿಯವರು ಅದ ತಂಬಿಗ್ಯಾಗ ಹೊಸಾ ನೀರು ತುಂಬಿಕೊಂಡು ಬಂದ್ರು. ನನಗ ನಾಲಿಗಿ ಅಂಗುಳಕ್ಕ ಅಂಟಿ ಮಾತು ಬರದಂಗ ಆಗಿತ್ತು. ಕೈ ಆಡಿಸಿ ಒಲ್ಲೆ ಅಂದೆ. ಆ ತಾಯಿ ಗಾಬರಿ ಆಗಿ, ನಮ್ಮ ನೀರು ನಿಮಗ ನಡಿಯಂಗಿಲ್ಲೇನ್ರೀ ಅಂತ ಕೇಳಿದ್ರು. ಎಂಥಾ ಮಾತು. ಕುರುಬರ ಹುಡುಗ ಹುಟ್ಟಿದಾಗಿಂದ ಹಳ್ಳದ ನೀರು ಕುಡದು ಬೆಳದವಾ, ನನಗ್ಯಾವ ನೀರು ನಡಿಯಂಗಿಲ್ಲ ಅಂತ ಹೇಳಲಿ. ಇಲ್ಲ ತಾಯಿ, ಹಂಗಲ್ಲ ಅಂತ ಕೈ ಮುಗದೆ. ಹಂಗಲ್ಲಂದ್ರ ಹೆಂಗ ಅಂತ ಅವರಿಗೂ ತಿಳೀಲಿಲ್ಲ, ನನಗೂ ಹೇಳಾಕ ಬರಲಿಲ್ಲ. ಅವರು ಗಂಡನ ಮಾರಿ ನೋಡಿದ್ರು. ಅವರು ತಂಬಿಗಿ ಕಟ್ಟಿ ಮ್ಯಾಲ ಇಟ್ಟು ಒಳಗ ಹೋಗು ಅಂತ ಕಣ್ಣಿಲೆ ಹೇಳಿದ್ರು. ನನಗ ನಾಚಿಗಿ ಆಗಿ ನೆಲದಾಗ ಇಳೀಬೇಕು ಅನಿಸ್ತು.

ಶೆಡ್ಡಿನ ಹಿಂದಿನ ಮೂಲ್ಯಾಗ ತಾಡಪತ್ರಿ ಹೊಚ್ಚಿದ ಒಂದು ಉದ್ದನ್ನ ಸಾಮಾನಿತ್ತು. ಅವರು ಅದರ ಸುದ್ದಿ ತಗೀಲಿಲ್ಲ. ಸಿಕ್ಕಿತು ಅಂದ್ಕೊಂಡೆ. ಮಾಸ್ತರರು ಹೇಳಿದ್ದು ಇದ. ನೀರಡಿಕಿ ಮರತು ಸೀದಾ ಅಲ್ಲಿಗೆ ಹೋಗಿ, ಇದೇನ್ರಿ ಅಂದೆ. ಅವರಿಗೆ ಸ್ವಲ್ಪ ನಾಚಿಗಿ ಆದಂಗ ಆತು. ಅದು ಏನಲ್ಲ ಬಿಡ್ರಿ ಅಂದ್ರು. ಏನಲ್ಲ ಅಂದ ಮ್ಯಾಲ ನಾ ಬಿಡತೀನೇನು. ನೋಡಬೇಕಂತೀನಿ ಅಂದೆ. ತಾಡಪತ್ರಿ ಎತ್ತಿದ್ರು. ಒಳಗ ಒಂದು ಎತ್ತಿನ ಬಂಡಿ.

ಹೊಸಾ ಬಂಡಿ. ಒಂದ ದಿನಾನೂ ರಸ್ತಾ ಕಂಡದ್ದಲ್ಲ, ಗಾಲಿಗೆ ಮಣ್ಣು ಹತ್ತಿದ್ದಿಲ್ಲ. ಸಾದಾ ಬಂಡಿಗಿಂತ ಭಾಳ ಉದ್ದ. ಹಿಂದಿನ ಹಲಗಿ ಎತ್ತಿ ಮುಚ್ಚೂವಂಗ ಇತ್ತು, ಆ ಹಲಗಿ ಅಂಚಿಗೂ ಅದ ನೂಲಿನ ಕೊಳವಿ ಹೊಲದಿತ್ತು. ನಾ ಬಂಡಿ ಕೆಳಗ ಹೊಕ್ಕು ನೋಡಿದೆ, ಅಚ್ಚು ಬಡದು ನೋಡಿದೆ. ಬಂಡಿ ಬಂಡಿನ. ಎತ್ತಿನ ಬಂಡಿಗೆ ಮೋಟಾರಿನ ಪಟ್ಟಿ ಯಾಕ, ಎತ್ತುಗಳೇನು ಸಪ್ಪಳಕ್ಕ ಮುನಿಸಿಕೊಂತಾವೇನು. ಇಷ್ಟುದ್ದ ಯಾಕ್ರಿ ಅಂತ ಕೇಳಿದೆ. ಒಂದು ಉದ್ದನ್ನ ಸಾಮಾನು ತರೂದೈತ್ರಿ ಅಂದ್ರು. ಯಾವಾಗ ಅಂದೆ. ಅದು ನಮ್ಮ ಕೈಯಾಗಿಲ್ಲ ಅಂತ ಮತ್ತ ತಾಡಪತ್ರಿ ಹೊಚ್ಚಿದ್ರು. ಇಂವಗ ತಲಿ ಸರಿ ಐತೋ ಇಲ್ಲೋ ಅಂತ ನಾ ಅಲ್ಲೇ ನಿಂತು ವಿಚಾರ ಮಾಡಿದೆ. ನನ್ನ ತಲಿ ಸರಿ ಐತೋ ಇಲ್ಲೋ ಅನ್ನೂದೂ ಅಷ್ಟ್ರಾಗ ಸಂಶೇದಾಗ ಬಿದ್ದಿತ್ತು.

ಹೊಂಡೂ ಹೊತ್ತಾತು. ನಾ ಚಪ್ಪಲಿ ಮೆಟ್ಟಾಕ ಹೋದ್ರ ಕಣ್ಣು ಕತ್ತಲಿ ಬಂದು ಕಟ್ಟಿ ಹಿಡಕೊಂಡು ಕುಂತೆ. ಅವರು ಬಾಜೂಕ ಬಂದು ಕುಂತ್ರು. ಮಗ್ಗದ ಸಪ್ಪಳಾ ಚಹಾಕ್ಕ ನಿಂತು ಓಣಿ ಎಲ್ಲಾ ಶಾಂತ ಆಗಿತ್ತು.

"ಅವರ ಕಿವಿ ಹೆಂಗೈತ್ರಿ ಈಗ?" ಅಂದ್ರು.

ಎಡಗಿವಿ ಪೂರಾ ಹೋದಂಗ ಅಂದೆ. ತಲಿ ತಗ್ಗಿಸಿದ್ರು. ಅರಮನಿ ಶೆಡ್ಡಿನ್ಯಾಗ ತಗಡು ಬಡಿಯೂಮುಂದ ಆ ಮಗ್ಗಲಕ್ಕ ನಾ ನಿಂದರತಿದ್ದೆ, ಆ ಕಿವಿ ಮಗ್ಗಲಕ್ಕ, ಅಂತ ತಮ್ಮಷ್ಟಕ್ಕ ತಾವ ಅಂದ್ರು. ಆಮ್ಯಾಲ ನನ್ನ ಮಾರಿ ನೋಡಿ ಕೇಳಿದ್ರು.

"ನೀರು ಕುಡೀಬ್ಯಾಡ ಅಂತ ಹೇಳಿ ಕಳಸ್ಯಾರೇನ್ರಿ?"

ಸುಳ್ಳು ಹೇಳಾಕ ನನ್ನ ಬಾಯಾಗ ತೇವಾನ ಇದ್ದಿಲ್ಲ. ಹೌದ್ರಿ ಅಂದೆ. ಇಂವಾ ಈಗ ಸಿಟ್ಟಾಗತಾನ, ಬೈತಾನ ಅಂತ ಕಾದೆ. ಅವರ ಮಾರಿ ಅರಳಿತು. ಖರೇನ ಅರಳಿತು, ನಾ ಸುಳ್ಳು ಹೇಳಂಗಿಲ್ಲ. ಹಂಗಾರ ನಾ ನೀರು ಕೊಡತೀನಿ ಅನ್ನೂದು ನಿಮ್ಮ ಮಾಲಕರಿಗೆ ಗೊತ್ತಿತ್ತು ಅಂದಂಗಾತು ಅಂತ ಅಂದು, ಕಟ್ಟಿ ಮ್ಯಾಲಿನ ತಂಬಿಗಿ ಎರಡೂ ಕೈಲೆ ಎತ್ತಿ ಹಿಡದ್ರು. ನೀರು ತುಳಕಿ ನನ್ನ ಅಂಗೈ ಮ್ಯಾಲ ಬಿತ್ತು. ಏನು ಮಾತು ಇದು, ಏನು ಸಂತೋಷ ಇದು, ನನಗೊಂದೂ ತಿಳೀಲಿಲ್ಲ. ನೀರಡಿಕಿಗೆ ಕುಡದೆನೋ, ಆ ಕೈ ನೋಡಿ ಕುಡದೆನೋ, ಕುಡೀಬ್ಯಾಡ ಅಂದಿದ್ರು ಅಂತ ಕುಡದೆನೋ, ಕುಡದೆ. ಬೆಲ್ಲಾ ಬಾಯಿಗೆ ಹಾಕ್ಕೊಂಡು ತಂಬಿಗಿ ಪೂರ್ತಿ ಖಾಲಿ ಮಾಡಿದೆ. ಹೊಟ್ಟಿ ತಂಪಾದ ಮ್ಯಾಲ ನೆನಪಾತು, ನಾ ಏನು ಮಾಡಿದೆ ಅಂತ.

ಹೊಳ್ಳಿ ಬರೂ ಬಸ್ಸಿನ್ಯಾಗ ನನ್ನ ನೌಕರಿ ಹೋತು ಅಂತ ಲೆಕ್ಕಾ ಹಾಕಿ ಮುಗಿಸಿದ್ದೆ. ಬಾಗಲಾದ ಗುಟ್ಟು ಸಿಗಲಿಲ್ಲ, ಮಾಲಕರ ಮಾತು ಮುರದೆ. ಮುಂಬೈದಾಗ ಯಾರ ಮನ್ಯಾಗ ಇಳಕೊಳ್ಳೂದು ಅನ್ನೂದಷ್ಟ ಉಳದಿತ್ತು.

ಜಮಖಂಡಿ ಸ್ಟ್ಯಾಂಡಿನ್ಯಾಗ ಮಾಲಕರು ನಿಂತಿದ್ರು. ಅವರು ಯಾರನ್ನೂ ಕರಕೊಳ್ಳಾಕ ಬರೂ ಮನಿಶ್ಯಾ ಅಲ್ಲ. ನಾ ಬಸ್ಸಿನಿಂದ ಒಂದ ಕಾಲು ಕೆಳಗ ಇಟ್ಟಿದ್ದಿಲ್ಲ, ಬಾಗಲಾ ಅನ್ನಲಿಲ್ಲ, ಗಾಡಿ ಅನ್ನಲಿಲ್ಲ.

"ಕುಡದ್ಯಾ?"

ಕುಡದೆನ್ರಿ ಅಂದೆ, ಅಲ್ಲೇ ಮಣ್ಣು ನೋಡಕೋತ. ಬೈಗಳಾ ಬರಲಿಲ್ಲ.

"ಯಾರು ಕೊಟ್ರು? ಹೆಣ್ಮಕ್ಕಳು ಕೊಟ್ರೋ, ಅಂವಾ ಕೊಟ್ನೋ?"

ಅವರ ಕೊಟ್ರು, ತಮ್ಮ ಕೈಲೆ ಅಂದೆ. ಬೆಲ್ಲಾ ಇತ್ತೇನು ಅಂದ್ರು. ಇತ್ರಿ ಅಂದೆ. ಮಾಲಕರು ಅಲ್ಲೇ ಸ್ಟ್ಯಾಂಡಿನ ಕಲ್ಲಿನ ಮ್ಯಾಲ ಕುಂತುಬಿಟ್ರು. ಟೊಪಗಿ ತಗದು ತೊಡಿ ಮ್ಯಾಲ ಇಟ್ಕೊಂಡ್ರು. ಈ ಮನಿಶ್ಯಾಗ ಏನಾತಪಾ ಅಂತ ನನಗ ಗಾಬರಿ. ಮಾತು ತಿರುಗಸೂಣು ಅಂತ, ಆ ಬನಹಟ್ಟಿಯವರು ನನ್ನ ಕುರಿ ಮಾಡಾಕ ನೋಡಿದ್ರು ನೋಡ್ರಿ, ಬಾಗಲಾದ ಪಟ್ಟ್ಯಾಗ ಕುರಿ ಉಣ್ಣಿ ತುಂಬೀವಿ ಅಂತ ಹೇಳಿದ್ರು ಅಂದೆ.

ಮಾಲಕರು ಕತ್ತೆತ್ತಿ ನೋಡಿದ್ರು. ಉಣ್ಣಿ ಹಾಕ್ಯಾನೇನು, ಖರೇನ ಹಾಕ್ಯಾನೇನು ಅಂತ ಮತ್ತ ಮತ್ತ ಕೇಳಿದ್ರು. ಆಮ್ಯಾಲ ನಗಾಕ ಹತ್ತಿದ್ರು, ಕಣ್ಣಾಗ ನೀರು ಬರೂ ಹಂಗ. ಉಣ್ಣಿ ಹಾಕೂಣು ಅಂದವಾ ನಾ, ರಬ್ಬರ್ ಹಾಕೂಣು ಅಂದವಾ ಅಂವಾ. ಆವತ್ತು ನಾವು ಬಡದಾಡಿದ್ದು ಇದರ ಸಲುವಾಗಿನ ಅಂದ್ರು. ನನ್ನ ತಲಿ ಮತ್ತ ತಿರುಗಿತು. ಹಂಗಾದ್ರ ನಾವ್ಯಾಕ ಇಷ್ಟು ದಿನಾ ರಬ್ಬರ್ ಹಾಕೀವ್ರಿ ಅಂತ ಕೇಳಿದೆ. ಅವರು ತೊಡಿ ಮ್ಯಾಲಿನ ಟೊಪಗಿ ಎತ್ತಿ ಮತ್ತ ತಲಿಗೆ ಇಟ್ಕೊಂಡ್ರು.

"ಅಂವಾ ಹೋದ ಮ್ಯಾಲ ಅಂವಾ ಹೇಳಿದ್ದ ಹಾಕಬೇಕನಿಸ್ತು" ಅಂದ್ರು.

ಮನಿಗೆ ಬಂದು ಇದನ್ನೆಲ್ಲಾ ನಮ್ಮವ್ವಗ ಹೇಳಿ, ಇದರಾಗ ಯಾರ ತಲಿ ಕೆಟ್ಟೈತಿ ನೀನ ಹೇಳು ಅಂದೆ. ಅಕಿ ರೊಟ್ಟಿ ಬಡಿಯೂದು ಬಿಡದನ ಹೇಳಿದ್ಲು. ನೀರು ಬಿಟ್ಟವರು ತಾವಾಗಿ ಹೋಗಿ ಕುಡದ್ರ ಮರ್ಯಾದಿ ಹೋಗತೈತಿ. ಅವರ ಕಡೆಯಾಂವ ಒಬ್ಬ ಹೋಗಿ, ಆ ಮನಿ ಯಜಮಾನನ ಕೈಲೆ ಬೆಲ್ಲಾ ನೀರು ತಗೊಂಡು ಬಂದ್ರ ಗಂಟು ಬಿಚ್ಚಿದಂಗ, ಇಬ್ಬರದೂ ಉಳೀತೈತಿ. ಇಷ್ಟೂ ತಿಳೀದಾಂವಗ ಪುಣೇದಾಗ ಏನು ಕಲಿಸಿದ್ರೋ ಅಂದ್ಲು. ಹಂಗಿದ್ರ ಕುಡದು ಬಾ ಅಂತ ಹೇಳಬೇಕಿತ್ತಲ್ಲ, ಕುಡೀಬ್ಯಾಡ ಅಂತ ಯಾಕ ಅಂದ್ರು ಅಂತ ನಾ ಕೂಗ್ಯಾಡಿದೆ. ನಿನಗ ಕುಡಿ ಅಂದ್ರ ನೀ ಕುಡೀತಿದ್ಯಾ ಅಂತ ಕೇಳಿದ್ಲು. ನಾ ಬಾಯಿ ಮುಚ್ಚಿಕೊಂಡು ರೊಟ್ಟಿ ತಿಂದೆ. ಮಾಲಕರು ಖರೇನ ಅಷ್ಟು ವಿಚಾರ ಮಾಡಿ ಕಳಿಸಿದ್ರೋ, ಇಲ್ಲಾ ಖರೇನ ಕುಡೀಬಾರದಂತನ ಅಂದಿದ್ರೋ, ನಾ ಮುಂದ ಕೇಳಿದೆ, ಅವರು ಕೇಳಸದ ಕಿವಿ ನನ್ನ ಕಡೆ ಮಾಡಿ ಕುಂತ್ರು.

ಮರುದಿನ ಮಾಲಕರು ಒಬ್ಬರ ಬನಹಟ್ಟಿ ಬಸ್ಸು ಹತ್ತಿದ್ರು. ಕಾರಹುಣ್ಣಿಮಿ ಒಳಗ ಸಾವಕಾರನ ಗಾಡಿ ಕೆಲಸಾ ಯಾರಿಗೆ ಅಂತ ತೀರ್ಮಾನ ಆತು. ನಮಗೂ ಅಲ್ಲ, ಅವರಿಗೂ ಅಲ್ಲ, ಇಬ್ಬರಿಗೂ ಕೂಡಿ. ನನಗ ಎಷ್ಟು ಖುಷಿ ಆತಂದ್ರ ಶೆಡ್ಡು ಉಳೀತು ಅಂತ ಓಣಿಗೆಲ್ಲಾ ಫೇಡೆ ಹಂಚಿದೆ. ಹಂಚಿ ಬಂದ್ರ ಮಾಲಕರು ಶೆಡ್ಡು ಖಾಲಿ ಮಾಡಾಕತ್ತಿದ್ರು. ಕೂಡಿದ ಮ್ಯಾಲ ಎರಡು ಶೆಡ್ಡು ಯಾಕ, ಮಗ್ಗದವರು ಅಲ್ಲೇ ಅದಾರ, ಅಲ್ಲೇ ಹೋಗೂದು ಅಂದ್ರು, ಅದೇನು ದೊಡ್ಡ ಮಾತ ಅಲ್ಲ ಅನ್ನೂವಂಗ. ನಾ ಉಳಿಸಾಕ ಹೋದ ಶೆಡ್ಡು ಉಳೀಲಿಲ್ಲ. ಆ ನೀರು ಕುಡದಿದ್ದಿಲ್ಲಂದ್ರೂ ಮುಚ್ಚತಿತ್ತು, ಕುಡದದ್ದಕ್ಕೂ ಮುಚ್ಚಿತು. ಎಲ್ಲಾರೂ ನಗಾಕತ್ತಿದ್ರು, ನಾನೊಬ್ಬನ ಮೂಲ್ಯಾಗ ನಿಂತು ಹಲ್ಲು ಕಡಿಯಾಕತ್ತಿದ್ದೆ. ಜಮಖಂಡಿ ಬಿಡೂದು ನನಗ ಬ್ಯಾಡಾಗಿತ್ತು.

ಒಂದು ಮುಂಜಾನಿ ಶೆಡ್ಡಿನ ಮುಂದ ಆ ಬಂಡಿ ಬಂದು ನಿಂತಿತು. ಗಾಲಿಗೆ ಮೊದಲನೇ ಸಲ ಮಣ್ಣು ಹತ್ತಿತ್ತು. ಬನಹಟ್ಟಿಯವರು ತಾವ ಹೊಡಕೊಂಡು ಬಂದಿದ್ರು. ಇಳದು ಒಳಗ ಬಂದು, ಯಾರನ್ನೂ ಕೇಳದ, ಸೀದಾ ಆ ಸಾಗವಾನಿ ಮೇಜಿನ ಖಾಲಿ ಮಗ್ಗಲಕ್ಕ ಹೋಗಿ ನಿಂತ್ರು. ನಮ್ಮ ಮಾಲಕರು ನಮ್ಮ ಕೊಡದಾಗಿನ ನೀರು ಒಂದು ತಂಬಿಗಿ ತುಂಬಿ, ಮೇಜಿನ ಈ ಕಡೆಯಿಂದ ಕೊಟ್ರು. ಅವರು ಕುಡದ್ರು. ಆಮ್ಯಾಲ ಎ, ಹಿಡೀ ಇತ್ತಾಗ ಅಂತ ಮಾಲಕರು ನನಗ ಬೈದ್ರು, ಎಲ್ಲಾರೂ ಕೂಡಿ ಮೇಜು ಎತ್ತಿದ್ವಿ. ಬಂಡಿಗೆ ಅದು ಅಳತಿ ತಗೊಂಡು ಮಾಡಿದಂಗ ಕುಂತಿತು. ಅಳತಿ ತಗೊಂಡ ಮಾಡಿದ್ದು, ನೆನಪಿಲೆ. ಅವಾಗ ನನಗ ತಿಳೀತು, ಒಂದ ದಿನಾನೂ ರಸ್ತಾ ಕಾಣದ ಆ ಬಂಡಿ ತಾಡಪತ್ರಿ ಕೆಳಗ ಯಾತರ ಹಾದಿ ಕಾಯತಿತ್ತು ಅಂತ. ಸಿಟ್ಟು ಇನ್ನ ಯಾರ ಮ್ಯಾಲ ಮಾಡಲಿ, ಮೇಜು ಅಲುಗಾಡದಂಗ ಬಿಗದು ಕಟ್ಟಿದೆ.

ಮಾಲಕರು ಶೆಡ್ಡಿನ ತಗಡಿನ ಬಾಗಲಾ ಎಳದ್ರು. ಅದು ಊರಿಗೇ ಕೇಳಸೂವಂಗ ಧಡಾರ್ ಅಂತು. ಅವರು ಮಾರಿ ಕಿವಿಚಿ, ಬಂಡಿ ಮುಂದಿನ ಹಲಗಿ ಮ್ಯಾಲ ಹೋಗಿ ಕುಂತ್ರು. ಎಡಗಡೆ ಜಾಗಾ ಬಿಟ್ಟು ಕುಂತ್ರು. ಇಂಜಿನೇರರ, ಏರ್ರಿ ಅಂದ್ರು ಬನಹಟ್ಟಿಯವರು. ನಾ ಒಲ್ಲೆ ಅನ್ನಾಕ ಬಾಯಿ ತಗದವಾ, ಏರಿ ಮೇಜಿನ ಮ್ಯಾಲ ಕುಂತೆ. ಅವರು ಉಣ್ಣಿ ಕೊಳವಿ ಹೊಲದ ಹಿಂದಿನ ಹಲಗಿ ಎತ್ತಿ ಮುಚ್ಚಿ, ಮುಂದ ಬಂದು ಮಾಲಕರ ಎಡಗಿವಿ ಮಗ್ಗಲಕ್ಕ ಕುಂತು ಹಗ್ಗಾ ಹಿಡದ್ರು. ಮಾಲಕರು ಇನ್ನೂ ಮಾರಿ ಬಿಗಿ ಹಿಡದು, ಸಪ್ಪಳದ ಹಾದಿ ಕಾಯಕೋತ ಕುಂತಿದ್ರು. ಸ್ವಲ್ಪ ಹೊತ್ತು ನೋಡಿ ನನ್ನ ಕಡೆ ಹೊಳ್ಳಿದ್ರು.

"ಹಿಂದಿನ ಹಲಗಿ ಮುಚ್ಚ್ಯಾನೇನು?" ಅಂತ ಕೇಳಿದ್ರು.

"ಆಗಲೇ ಮುಚ್ಚ್ಯಾರ್ರಿ" ಅಂದೆ.